ಕಣ್ಣು ಮುಚ್ಚಿ ಕಲಿಸುತ್ತಿದ್ದ ಮೋನುಚ್ಚ

ಆ ದಿನ ಬೆಳಿಗ್ಗೆ ಕಾರಿನೊಳಗೆ ನಾವು ನಾಲ್ಕು ಜನ ಇದ್ದೆವು. ಸ್ಟೇರಿಂಗ್ ಹಿಡಿದು ಕೂತವಳು ಹರಿಣಾಕ್ಷಿ. ಪುತ್ತೂರು ಪೇಟೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡವಳು. ಮದುಮಗಳ ಹುಬ್ಬನ್ನು ಒಂದು ಕೂದಲೂ ಆಚೀಚೆ ಆಗದಂತೆ ತಿದ್ದುವ ಅವಳ ಕೈ ಅಂದು ಸ್ಟೇರಿಂಗನ್ನು ಆಚೀಚೆ ಎಳೆಯುತ್ತಿತ್ತು. ಹಿಂದಿನ ಸೀಟಿನಲ್ಲಿ ನಾನು, ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು, ವಯಸ್ಸು ನಲವತ್ತಾರು. ನನ್ನ ಪಕ್ಕದಲ್ಲಿ ಕಾಣಿಯೂರಿನ ಪ್ರಶಾಂತ. ಮದುವೆಗಳ ಫೋಟೊ ತೆಗೆಯುವುದು ಅವನ ಕೆಲಸ. ಮೂವರೂ ಡ್ರೈವಿಂಗ್ ಕಲಿಯಲು ಬಂದವರು. ನಾಲ್ಕನೆಯವರು ನಮಗೆ ಕಲಿಸುವ ಮೋನುಚ್ಚ. ಹರಿಣಾಕ್ಷಿಯ ಎಡಗಡೆಯ ಸೀಟಿನಲ್ಲಿ, ಕಾಲಿನಡಿ ತಮ್ಮದೇ ಆದ ಎರಡನೆಯ ಬ್ರೇಕ್ ಇಟ್ಟುಕೊಂಡು, ಕಣ್ಣು ಮುಚ್ಚಿ ಕೂತಿದ್ದರು.

ಕಾರು ಬೆಟ್ಟಂಪಾಡಿ ಕಡೆಯ ಏರು ಹತ್ತುತ್ತಿತ್ತು. ತಿರುವಿನಲ್ಲಿ ಎದುರಿನಿಂದ ಬಸ್ಸಿನ ಮೂತಿ ಕಂಡಿತು.

"ಮೋನುಚ್ಚ, ಬಸ್ಸು ಬರ್ತಾ ಉಂಟು!" ಎಂದು ಹರಿಣಾಕ್ಷಿ ಕಿರುಚಿದಳು.

"ಬರ್ಲಿ ಅಕ್ಕ. ಅದಕ್ಕೂ ಹೋಗ್ಲಿಕ್ಕೆ ಊರು ಉಂಟಲ್ಲ."

"ನೀವು ಒಮ್ಮೆ ಕಣ್ಣು ಬಿಡಿ ಮಾರಾಯ್ರೆ!"

"ನಿಮಗೆ ಎರಡು ಕಣ್ಣು ಉಂಟು. ಹಿಂದೆ ಕೂತವರಿಗೆ ನಾಲ್ಕು. ಒಂದು ಕಾರಿಗೆ ಆರು ಕಣ್ಣು ಸಾಕಾಗುದಿಲ್ವಾ?"

"ನನ್ನದೂ ಮುಚ್ಚಿ ಉಂಟು ಮೋನುಚ್ಚ," ಅಂದ ಪ್ರಶಾಂತ.

"ಹಾಗಾದ್ರೆ ನಾಲ್ಕು. ಧಾರಾಳ ಆಯ್ತು."

ಬಸ್ಸು ನಮ್ಮನ್ನು ಸವರಿಕೊಂಡು ಹೋಯಿತು. ಹರಿಣಾಕ್ಷಿ ದೇವರ ಹೆಸರು ಹೇಳಿದಳು. ಮೋನುಚ್ಚ ಮಾತ್ರ ಕಣ್ಣು ಮುಚ್ಚಿಕೊಂಡೇ ತಲೆಯನ್ನು ಸ್ವಲ್ಪ ಬಾಗಿಸಿ, "ಎಂಜಿನ್ ಅಳುದು ಕೇಳುದಿಲ್ವಾ ಅಕ್ಕ? ಪಾಪ ಅದು. ಗೇರ್ ಇಳಿಸಿ," ಎಂದರು. ಇಳಿಸಿದ ಕೂಡಲೆ ಎಂಜಿನ್ನಿನ ದನಿ ಗಟ್ಟಿಯಾಯಿತು. ಮೋನುಚ್ಚನ ಮುಖದಲ್ಲಿ, ಅಳುವ ಮಗುವಿಗೆ ಹಾಲು ಸಿಕ್ಕಿದಾಗ ಅಜ್ಜಿಯ ಮುಖದಲ್ಲಿ ಕಾಣುವಂಥ ಸಮಾಧಾನ ಕಂಡಿತು.

ಕಣ್ಣು ಮುಚ್ಚುವುದು ಯಾಕೆ ಎಂದು ನಾನು ಆಮೇಲೊಂದು ದಿನ ಕೇಳಿದ್ದೆ. "ಕಣ್ಣು ಬಿಟ್ರೆ ನನ್ನ ಕಾಲು ಸುಮ್ಮನೆ ಕೂರುದಿಲ್ಲ ಟೀಚರ್ರೆ," ಅಂದಿದ್ದರು. "ಎಂತ ಕಂಡ್ರೂ ಬ್ರೇಕಿಗೆ ಹೋಗ್ತದೆ. ನಾನು ಬ್ರೇಕ್ ಹಾಕ್ತಾ ಇದ್ರೆ ನೀವು ಕಲಿಯುದು ಎಂತ? ಪಕ್ಕದಲ್ಲಿ ಒಬ್ಬ ಬ್ರೇಕ್ ಹಾಕುವವ ಇದ್ದಾನೆ ಅಂತ ನಿಮಗೆ ಧೈರ್ಯ, ಅಷ್ಟೇ. ನೀವು ಕ್ಲಾಸಿನಲ್ಲಿ ಮಕ್ಕಳ ಕೈ ಹಿಡಿದು ಎಷ್ಟು ದಿನ ಬರೆಸ್ತೀರಿ?" ಆ ಪ್ರಶ್ನೆಯನ್ನು ಹೊತ್ತುಕೊಂಡು ನಾನು ಒಂದು ವಾರ ತರಗತಿಯಲ್ಲಿ ತಿರುಗಾಡಿದ್ದೇನೆ.

ಮೋನುಚ್ಚ ಎತ್ತರದ ಆಳು. ಮಾರುತಿ ಕಾರಿನ ಒಳಗೆ ಅವರ ಮಂಡಿ ಯಾವಾಗಲೂ ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಬಿಳಿ ಅಂಗಿ, ಬಿಳಿ ಟೊಪ್ಪಿ, ಮದರಂಗಿ ಹಚ್ಚಿದ ಗಡ್ಡ. ಸೌದಿಯ ದಮಾಮಿನಲ್ಲಿ ಹದಿನೆಂಟು ವರ್ಷ ಶಾಲಾ ವ್ಯಾನು ಓಡಿಸಿ ಊರಿಗೆ ಬಂದವರು, ಪುತ್ತೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಡ್ರೈವಿಂಗ್ ಸ್ಕೂಲು ತೆರೆದಿದ್ದರು. ಬ್ಯಾರಿ ಭಾಷೆಯಲ್ಲಿ ಹಿರಿಯರನ್ನು 'ಇಚ್ಚ' ಎನ್ನುತ್ತಾರಲ್ಲ, ಅದು ಅವರ ಹೆಸರಿಗೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತೆಂದರೆ ಅವರಿಗಿಂತ ಹತ್ತು ವರ್ಷ ದೊಡ್ಡವರೂ ಅವರನ್ನು ಮೋನುಚ್ಚ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ನನ್ನಂಥ ಟೀಚರುಗಳ ಹತ್ತಿರ ಕನ್ನಡ, ಕಾರು ಆಫ್ ಆದಾಗ ಅರಬಿ.

ಸ್ಕೂಲಿಗೆ ಸೇರಿದವರನ್ನೆಲ್ಲ ಅವರು ಒಂದು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಲೈಸೆನ್ಸ್ ಸಿಕ್ಕಿದ ಮೇಲೂ ಯಾರೂ ಅದರಿಂದ ಹೊರಗೆ ಹೋಗುತ್ತಿರಲಿಲ್ಲ. ಕಾರಣ, ಬೆಳಿಗ್ಗೆ ಆರೂಕಾಲಿಗೆ ಬರುತ್ತಿದ್ದ ಅವರ ದನಿ. "ಅಸ್ಸಲಾಮು ಅಲೈಕುಂ, ನಮಸ್ಕಾರ, ಎಲ್ಲರಿಗೂ ಒಳ್ಳೆದಾಗ್ಲಿ. ಇವತ್ತಿನ ವಿಷಯ ಹಾರ್ನ್. ಹಾರ್ನ್ ಇರುದು 'ನಾನು ಇಲ್ಲಿ ಇದ್ದೇನೆ' ಅಂತ ಹೇಳ್ಲಿಕ್ಕೆ. 'ನೀನು ಯಾಕೆ ಇಲ್ಲಿ ಇದ್ದಿ' ಅಂತ ಕೇಳ್ಲಿಕ್ಕೆ ಅಲ್ಲ. ಮನೆಯಲ್ಲಿ ಕೂಡ ಹಾಗೆ." ಅಷ್ಟೇ. ಹಿಂದಿನಿಂದ ಕಾಗೆಯ ಕೂಗು, ಪಾತ್ರೆಯ ಸದ್ದು, ಅವರ ಹೆಂಡತಿ ಐಸಮ್ಮ "ಚಾ ತಣಿತದೆ" ಎನ್ನುವುದು ಎಲ್ಲವೂ ಸೇರಿ ಅದು ಮುಗಿಯುತ್ತಿತ್ತು.

ಜೀವನದ ಯಾವ ಕಷ್ಟವನ್ನು ತಂದಿಟ್ಟರೂ ಮೋನುಚ್ಚ ಅದನ್ನು ಕಾರಿನ ಯಾವುದಾದರೂ ಒಂದು ಭಾಗಕ್ಕೆ ಜೋಡಿಸಿ ಉತ್ತರ ಕೊಡುತ್ತಿದ್ದರು. ನನಗೆ ಆಗ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯೊಂದಿಗೆ ಮನಸ್ತಾಪ. ಮಕ್ಕಳ ಗೋಡೆಪತ್ರಿಕೆಯನ್ನು ನನ್ನನ್ನು ಕೇಳದೆ ತೆಗೆಸಿದ್ದರು ಎಂದು ನಾನು ಕುದಿಯುತ್ತಿದ್ದೆ. ನಾಳೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳುತ್ತೇನೆ ಎಂದು ಕಾರಿನಲ್ಲಿ ಘೋಷಿಸಿದೆ. ಮೋನುಚ್ಚ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು.

"ಟೀಚರ್ರೆ, ಎದುರಿಗೆ ಏರು ಉಂಟು. ಯಾವ ಗೇರಿನಲ್ಲಿ ಹತ್ತುದು?"

"ಎರಡನೆಯದು."

"ನಾಲ್ಕನೆಯದರಲ್ಲಿ ಯಾಕೆ ಹತ್ತಬಾರದು? ಅದರಲ್ಲಿ ಸ್ಪೀಡು ಉಂಟಲ್ಲ."

"ಹತ್ತಲಿಕ್ಕೆ ಆಗುದಿಲ್ಲ, ಆಫ್ ಆಗ್ತದೆ."

"ಹೌದಲ್ಲ? ಕೋಪ ಬಂದವರೆಲ್ಲ ನಾಲ್ಕನೇ ಗೇರಿನಲ್ಲಿ ಏರು ಹತ್ಲಿಕ್ಕೆ ಹೋಗುದು. ಶಕ್ತಿ ಇರುದು ಇಳಿಸಿದ ಗೇರಿನಲ್ಲಿ. ನಾಳೆ ಎರಡನೇ ಗೇರಿನಲ್ಲಿ ಮಾತಾಡಿ."

ಮರುದಿನ ನಾನು ಮುಖ್ಯೋಪಾಧ್ಯಾಯಿನಿಯ ಕೋಣೆಗೇ ಹೋಗಿ ನಿಧಾನವಾಗಿ ಕೇಳಿದೆ. ಗೋಡೆಗೆ ಸುಣ್ಣ ಬಳಿಯುವವರು ಬರುತ್ತಾರೆಂದು ಅವರು ಅದನ್ನು ಸುರುಳಿ ಸುತ್ತಿ ತಮ್ಮ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಎಲ್ಲರೆದುರು ಕೇಳಿದ್ದರೆ ನನ್ನ ಮುಖ ಎಲ್ಲಿಡುತ್ತಿದ್ದೆ ಎಂದು ಈಗಲೂ ನೆನೆದು ಬೆವರುತ್ತೇನೆ.

ಅವರ ಎಲ್ಲ ಮಾತೂ ಹೀಗೆ ಫಲ ಕೊಡುತ್ತಿತ್ತು ಅಂತಲ್ಲ. ಅತ್ತೆಯ ಬಾಯಿ ಜೋರು ಎಂದು ಹರಿಣಾಕ್ಷಿ ಹೇಳಿಕೊಂಡಾಗ, "ನ್ಯೂಟ್ರಲ್‌ನಲ್ಲಿ ಇಡಿ ಅಕ್ಕ. ಎಂಜಿನ್ ಓಡ್ತಾ ಇರ್ಲಿ, ಗಾಡಿ ಮುಂದೆ ಹೋಗುದು ಬೇಡ," ಅಂದರು. ಹರಿಣಾಕ್ಷಿ ಹಾಗೆಯೇ ಮಾಡಿದಳು. ಅತ್ತೆ ಏನು ಹೇಳಿದರೂ ನಸುನಗುತ್ತಾ ಸುಮ್ಮನೆ ಕೂತಳು. ನಾಲ್ಕು ದಿನ ನೋಡಿದ ಅತ್ತೆ ಐದನೆಯ ದಿನ ಸೊಸೆಯನ್ನು ಆಟೋದಲ್ಲಿ ಕೂರಿಸಿ ಕಿವಿಯ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. "ಡಾಕ್ಟ್ರು ಕಿವಿ ತೊಳೆದು ಕಳಿಸಿದ್ರು ಮೋನುಚ್ಚ," ಎಂದು ಅವಳು ದೂರಿದಾಗ ಮೋನುಚ್ಚ, "ನೋಡಿ, ನಿಮ್ಮ ಮೇಲೆ ಅವರಿಗೆ ಎಷ್ಟು ಕಾಳಜಿ ಉಂಟು," ಎಂದು ಜಾರಿಕೊಂಡರು.

ಪ್ರಶಾಂತನದು ಪ್ರೀತಿಯ ಸಮಸ್ಯೆ. ಎರಡು ವರ್ಷದಿಂದ ಒಬ್ಬಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಹೋದ ಮದುವೆಯಲ್ಲೆಲ್ಲ ಅವಳು ಕಂಡರೆ ನಾಲ್ಕು ಫೋಟೊ ಹೆಚ್ಚು ತೆಗೆಯುವುದು, ಅವಳ ಸ್ಟೇಟಸ್ಸಿಗೆ ಹೂವು ಹಾಕುವುದು. ಬಾಯಿಬಿಟ್ಟು ಏನೂ ಹೇಳಿರಲಿಲ್ಲ.

"ಇಂಡಿಕೇಟರ್ ಹಾಕದೆ ತಿರುಗುದು ತಪ್ಪು," ಎಂದರು ಮೋನುಚ್ಚ. "ಇಂಡಿಕೇಟರ್ ಹಾಕಿಕೊಂಡು ಎರಡು ವರ್ಷ ಸೀದಾ ಹೋಗುದು ಅದಕ್ಕಿಂತ ದೊಡ್ಡ ತಪ್ಪು. ಹಿಂದೆ ಬರುವವನಿಗೆ ಉಪದ್ರ. ಹೋಗಿ ಹೇಳು ಮಾರಾಯ."

ಅವನು ಹೋಗಿ ಹೇಳಿದ. ಅವಳಿಗೆ ಬೇರೆ ಕಡೆ ನಿಶ್ಚಯವಾಗಿತ್ತು. ಮರುದಿನ ಕಾರಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಮೋನುಚ್ಚ ಅಂದು ಒಮ್ಮೆ ಕಣ್ಣು ಬಿಟ್ಟು, ಹಿಂದೆ ತಿರುಗಿ ಅವನನ್ನು ನೋಡಿದರು. "ಆ ಕಡೆ ದಾರಿ ಇಲ್ಲ ಅಂತ ಗೊತ್ತಾಯ್ತಲ್ಲ? ಇನ್ನು ಇಂಡಿಕೇಟರ್ ಆಫ್ ಮಾಡು. ತಲೆಯ ಒಳಗೆ ಎರಡು ವರ್ಷದಿಂದ ಟಿಕ್ ಟಿಕ್ ಅಂತ ಉಂಟಲ್ಲ, ಅದು ನಿಲ್ಲಲಿ." ಆಮೇಲೆ ಅವನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಎರಡು ಪ್ಲೇಟು ಗೋಳಿಬಜೆ ತಿನ್ನಿಸಿದರು. ಮೂರನೆಯ ಪ್ಲೇಟನ್ನು ಪ್ರಶಾಂತ ತಾನಾಗಿಯೇ ಹೇಳಿದ. ಹುಡುಗ ಬದುಕಿದ ಎಂದು ಹರಿಣಾಕ್ಷಿ ನನ್ನ ಕಿವಿಯಲ್ಲಿ ಉಸುರಿದಳು.

ಈಗ ನನ್ನ ದೊಡ್ಡ ಸಾಧನೆಯ ಬಗ್ಗೆ ಹೇಳಬೇಕು. ಹಿಂದಕ್ಕೆ ಕಾರು ಬಿಡುವ ಪಾಠದ ದಿನ ನಮ್ಮನ್ನು ಮೋನುಚ್ಚ ಒಂದು ಮೈದಾನಕ್ಕೆ ಕರೆದುಕೊಂಡು ಹೋಗಿದ್ದರು. ಪಕ್ಕದ ಮನೆಯವರು ಮಾಡಿನಿಂದ ತೆಗೆದ ಹಳೆಯ ಹಂಚುಗಳನ್ನು ಮೂಲೆಯಲ್ಲಿ ಅಚ್ಚುಕಟ್ಟಾಗಿ ಪೇರಿಸಿ ಇಟ್ಟಿದ್ದರು. ನಾನು ಮೊದಲ ದಿನವೇ ಮೋನುಚ್ಚನಿಗೆ, "ನನಗೆ ಕನ್ನಡದಲ್ಲೇ ಹೇಳಿ, ಗಾಬರಿಯಲ್ಲಿ ನನಗೆ ಬೇರೆ ಭಾಷೆ ತಲೆಗೆ ಹೋಗುವುದಿಲ್ಲ," ಎಂದು ಹೇಳಿಟ್ಟಿದ್ದೆ. ನನ್ನದು ಸುಳ್ಯ ಕಡೆಯ ಅರೆಭಾಷೆ ಆಡುವ ಮನೆ. ತುಳು ಚೆನ್ನಾಗಿಯೇ ಬರುತ್ತದೆ, ಆದರೆ ಎರಡೂ ಕಾಲಿನಡಿ ಪೆಡಲ್ ಇರುವಾಗ ಬರುವುದಿಲ್ಲ. ಮೋನುಚ್ಚ ಅಲ್ಲಿಯವರೆಗೆ ಎಡ, ಬಲ, ನಿಲ್ಲಿ, ಹೋಗಿ ಎಂದು ಶುದ್ಧ ಕನ್ನಡದಲ್ಲೇ ಕಲಿಸಿದ್ದರು.

ಅಂದು ಅವರು ಕಾರಿನಿಂದ ಇಳಿದು ಹಿಂದೆ ಹೋಗಿ ನಿಂತರು. ನಾನು ರಿವರ್ಸ್ ಗೇರಿಗೆ ಹಾಕಿದೆ. ಕಾರು ನೆಟ್ಟಗೆ ಹಿಂದೆ ಸರಿಯಿತು. ಮೋನುಚ್ಚನಿಗೆ ಖುಷಿಯಾಯಿತು. ಖುಷಿಯಾದಾಗ ಮನುಷ್ಯನ ಬಾಯಿಗೆ ಪೇಟೆಯ ಭಾಷೆ ಬರುತ್ತದೆ.

"ಬಲ!" ಎಂದು ಕೈ ಬೀಸಿದರು.

ನಾನು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದೆ.

"ಬಲ, ಬಲ!"

ಇನ್ನಷ್ಟು ಬಲಕ್ಕೆ ತಿರುಗಿಸಿದೆ.

"ಬಲ, ಬಲ, ಬಲ... ಅಯ್ಯೋ, ಇದೆಂತ ಸಾವು ಮಾರಾಯ್ರೆ, ನಿಲ್ಸಿ!"

ಅಷ್ಟರಲ್ಲಿ ಕಾರಿನ ಹಿಂಭಾಗ ಹಂಚಿನ ರಾಶಿಯೊಳಗೆ ಹೊಕ್ಕಾಗಿತ್ತು. ತುಳುವಿನಲ್ಲಿ ಬಲ ಅಂದರೆ ಬಾ ಎಂದರ್ಥ. ಅವರು ನನ್ನನ್ನು ನೆಟ್ಟಗೆ ಬಾ, ಬಾ ಎಂದು ಕರೆಯುತ್ತಿದ್ದರು. ನಾನು ಕನ್ನಡ ಟೀಚರು, ಹೇಳಿದಷ್ಟೂ ಸಲ ಬಲಕ್ಕೆ ತಿರುಗಿದ್ದೆ.

ಹಂಚಿನ ಸದ್ದಿಗೆ ಮನೆಯೊಡತಿ ಓಡಿ ಬಂದರು. ಅವರಿಗೆ ವಿವರಿಸಲು ಹೋದ ಹರಿಣಾಕ್ಷಿ ನಗು ತಡೆಯಲಾಗದೆ ಅಲ್ಲೇ ಕುಕ್ಕರಿಸಿ ಕೂತಳು. ವಿಷಯ ತಿಳಿದ ಮನೆಯೊಡತಿಯೂ ಸೆರಗು ಬಾಯಿಗೆ ಹಿಡಿದುಕೊಂಡು ನಗತೊಡಗಿದರು. ನನಗೆ ಮಾತ್ರ ಅಳು ಬರುವಂತಾಗಿತ್ತು. ಮೋನುಚ್ಚ ಉಳಿದ ಹಂಚಿನ ಮೇಲೆ ಕೂತು ಟೊಪ್ಪಿ ತೆಗೆದು ತಲೆ ತುರಿಸಿಕೊಂಡರು.

"ತಪ್ಪು ನಿಮ್ಮದಲ್ಲ ಟೀಚರ್ರೆ. ನನ್ನದೂ ಅಲ್ಲ. ಆ ಶಬ್ದದ್ದು. ಗಂಡ ಹೆಂಡತಿಯ ಜಗಳ ಎಲ್ಲ ಹೀಗೇ ಆಗುದು, ಗೊತ್ತುಂಟಾ? ಒಬ್ಬ ಬಾ ಅಂತ ಕರೆದಿರ್ತಾನೆ. ಇನ್ನೊಬ್ಬಳಿಗೆ ತಿರುಗು ಅಂತ ಕೇಳಿರ್ತದೆ. ಇಬ್ಬರೂ ಸರಿ. ಹಂಚು ಮಾತ್ರ ಒಡೆದದ್ದು."

ಮರುದಿನದಿಂದ ಅವರು ಎಲ್ಲ ಭಾಷೆಯವರಿಗೂ ಹಿಂದೆ ನಿಂತು "ಬನ್ನಿ, ಬನ್ನಿ" ಎಂದೇ ಹೇಳತೊಡಗಿದರು. ಒಮ್ಮೆ ಪೇಟೆಯಲ್ಲಿ ಜಲ್ಲಿ ಲಾರಿಯೊಂದಕ್ಕೂ ಅವರು ಬಹುವಚನದಲ್ಲಿ ಬನ್ನಿ ಬನ್ನಿ ಎನ್ನುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ನನಗೆ ಲೈಸೆನ್ಸ್ ಸಿಕ್ಕಿದ ದಿನ ಸಿಹಿ ಕೊಡಲು ಅವರ ಮನೆಗೆ ಹೋದೆ. ಮೋನುಚ್ಚ ನಮಾಜಿಗೆ ಹೋಗಿದ್ದರು. ಐಸಮ್ಮ ನಿಂಬೆ ಹಿಂಡಿದ ಸುಲೈಮಾನಿ ಚಾ ಮಾಡಿ ಕೊಟ್ಟು ಎದುರಿಗೆ ಕೂತರು. ಗಿಡ್ಡನೆಯ, ಚುರುಕು ಕಣ್ಣಿನ ಹೆಂಗಸು. ನನ್ನ ಲೈಸೆನ್ಸ್ ಕಾರ್ಡನ್ನು ಕೈಯಲ್ಲಿ ಹಿಡಿದು ಎರಡೂ ಬದಿ ತಿರುಗಿಸಿ ನೋಡಿದರು.

"ಊರಿನ ಹೆಂಗಸರಿಗೆಲ್ಲ ಕಲಿಸ್ಲಿಕ್ಕೆ ಇವರಿಗೆ ಆಗ್ತದೆ ಟೀಚರ್ರೆ. ನನಗೆ ಕಲಿಸಿ ಅಂದ್ರೆ ಮಾತ್ರ ಮಂಡಿ ನೋವು."

"ನಿಮಗೆ ಎಲ್ಲಿಗೆ ಹೋಗ್ಲಿಕ್ಕೆ ಐಸಮ್ಮ?"

"ಬೆಳ್ಳಾರೆಗೆ. ನನ್ನ ಅಕ್ಕ ಉಂಟಲ್ಲ ಅಲ್ಲಿ. ಇವರು ಕರೆದುಕೊಂಡು ಹೋಗ್ತಾರೆ, ಇಲ್ಲ ಹೇಳುದಿಲ್ಲ. ಆದ್ರೆ ಅರ್ಧ ಗಂಟೆಗೆ 'ಹೊರಡುವನಾ' ಅಂತ ಶುರು. ಬಸ್ಸಿನಲ್ಲಿ ಹೋದ್ರೆ ಬಸ್ಸಿನ ಟೈಮು. ನಾವು ಇಬ್ರು ಕೂತು ಮಾತು ಮುಗಿದು ಎದ್ದದ್ದು ಅಂತ ಇಲ್ಲವೇ ಇಲ್ಲ. ಒಮ್ಮೆ ಮಾತು ಮುಗಿದ ಮೇಲೆ ಹೊರಡ್ಬೇಕು, ಅಷ್ಟೇ ನನಗೆ."

ನಾಲ್ಕು ಸಲ ಕೇಳಿದ ಮೇಲೆ ಮೋನುಚ್ಚ ಒಪ್ಪಿ ಮೂರು ದಿನ ಕಲಿಸಿದರಂತೆ. ಮಾತಿನ ಕೊನೆಗೆ ಐಸಮ್ಮ ದನಿ ತಗ್ಗಿಸಿ ಹೇಳಿದ್ದು ನನಗೆ ಆಶ್ಚರ್ಯ ತಂದಿತು. ಆ ಮೂರು ದಿನ ಮೋನುಚ್ಚ ರೆಪ್ಪೆ ಮಿಟುಕಿಸದೆ ಕೂತಿದ್ದರಂತೆ. ನಾಯಿ ಕಂಡರೂ ಬ್ರೇಕ್, ನಾಯಿಯ ನೆರಳು ಕಂಡರೂ ಬ್ರೇಕ್. ಮೂರನೆಯ ದಿನ ಐಸಮ್ಮ ಕಾರನ್ನು ದಾರಿಯಲ್ಲೇ ನಿಲ್ಲಿಸಿ, ಬೀಗದ ಕೈಯನ್ನು ಗಂಡನ ಮಡಿಲಿಗೆ ಹಾಕಿ, ನಡೆದು ಮನೆಗೆ ಬಂದರು. ನಡುವೆ ಒಂದು ವಾರ ಗುಂಪಿನಲ್ಲಿ ಮೋನುಚ್ಚನ ಬೆಳಗಿನ ದನಿ ಕೇಳಿರಲಿಲ್ಲ. ಅದು ಯಾಕೆಂದು ನನಗೆ ಆಗ ತಿಳಿಯಿತು.

ಎರಡು ತಿಂಗಳ ನಂತರ, ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಮೋನುಚ್ಚ ನನ್ನನ್ನು ಹುಡುಕಿಕೊಂಡು ಬಂದರು. ಜಗಲಿಯ ಬೆಂಚಿನ ಮೇಲೆ ಕೂತು ಮಕ್ಕಳ ಗಲಾಟೆಯನ್ನು ಸ್ವಲ್ಪ ಹೊತ್ತು ನೋಡಿದರು.

"ಮರ್ಯಾದೆ ಹೋಯ್ತು ಟೀಚರ್ರೆ. ಐಸ ಸುಳ್ಯದ ಡ್ರೈವಿಂಗ್ ಸ್ಕೂಲಿಗೆ ಹೋಗ್ತಾ ಇದ್ದಾಳೆ."

"ಯಾರು ಹೇಳಿದ್ರು?"

"ಕಲಿಸುವವನೇ. ಗಂಗಾಧರ. ನನ್ನ ಕೈಯಲ್ಲೇ ಕಲಿತವ. ಫೋನ್ ಮಾಡಿ, 'ಇಚ್ಚಾ, ಹೆದರ್ಬೇಡಿ, ನಿಮ್ಮವರ ಕ್ಲಚ್ ಒಳ್ಳೆದುಂಟು' ಅಂತ ಹೇಳ್ತಾನೆ. ಎರಡು ತಿಂಗಳಿಂದ ಬುಧವಾರ, ಶನಿವಾರ ಬಸ್ಸು ಹತ್ತಿ ಹೋಗ್ತಾ ಇದ್ದಳಂತೆ. ಹೋಟೆಲಿನವನ ಹೆಂಡತಿ ಎದುರಿನ ಹೋಟೆಲಿಗೆ ಹೋಗಿ ಊಟ ಮಾಡಿದ ಹಾಗೆ ಆಯ್ತಲ್ಲ ಇದು?"

ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಅವರು ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದರು.

"ಮರ್ಯಾದೆಯ ಮಾತು ಬಿಡಿ ಮೋನುಚ್ಚ. ಅವರು ಓಡಿಸಿದ್ರೆ ನಿಮಗೆ ಕಷ್ಟ ಎಂತ?"

ಅವರು ಕೆರೆಯುವುದನ್ನು ನಿಲ್ಲಿಸಿದರು. ಆಮೇಲೆ ಕಾರಿನ ಯಾವ ಭಾಗದ ಹೆಸರನ್ನೂ ಎತ್ತದೆ ಮಾತಾಡಿದರು. ನನಗೆ ನೆನಪಿರುವ ಹಾಗೆ ಅದೇ ಮೊದಲ ಸಲ.

"ಹದಿನೆಂಟು ವರ್ಷ ನಾನು ಅಲ್ಲಿ. ಅವಳು ಇಲ್ಲಿ ಒಬ್ಬಳೇ. ಮೂರು ಮಕ್ಕಳ ಶಾಲೆ, ಜ್ವರ, ಮನೆ ಕಟ್ಟುದು, ನನ್ನ ಹೆತ್ತ ಉಮ್ಮನ ಆಸ್ಪತ್ರೆ, ಎಲ್ಲ ಒಬ್ಬಳೇ ಓಡಾಡಿದ್ದು. ಬಸ್ಸಿನಲ್ಲಿ, ನಡೆದು. ನಾನು ಅಲ್ಲಿ ಇನ್ನೊಬ್ಬರ ಮಕ್ಕಳನ್ನು ಏಸಿ ವ್ಯಾನಿನಲ್ಲಿ ಶಾಲೆಗೆ ಬಿಡ್ತಾ ಇದ್ದೆ. ಊರಿಗೆ ಬರುವಾಗ ಮನಸ್ಸಿನಲ್ಲಿ ಒಂದೇ. ಇನ್ನು ಇವಳು ಎಲ್ಲಿಗೂ ಒಬ್ಬಳೇ ಹೋಗುವ ಹಾಗೆ ಆಗಬಾರದು, ಹೋದಲ್ಲಿಗೆಲ್ಲ ನಾನು ಬಿಡ್ಬೇಕು ಅಂತ. ಈಗ ಅವಳಿಗೆ ಒಬ್ಬಳೇ ಹೋಗ್ಬೇಕಂತೆ."

"ಇದನ್ನು ಅವರಿಗೆ ಹೇಳಿದ್ದೀರಾ?"

"ಹೇಳುದು ಎಂತ? ಕಾಣುದಿಲ್ವಾ?"

"ಪ್ರಶಾಂತನಿಗೆ ನೀವು ಹೇಳಿದ್ದು ಇಂಡಿಕೇಟರ್ ವಿಷಯ," ಅಂದೆ. "ನಿಮ್ಮದು ಬಲ್ಬೇ ಹೋಗಿದೆ."

ಮೋನುಚ್ಚ ನನ್ನನ್ನು ದಿಟ್ಟಿಸಿ ನೋಡಿದರು. "ಟೀಚರ್ ಹತ್ರ ಬರಬಾರದಿತ್ತು," ಎಂದು ಎದ್ದರು. ಗೇಟಿನವರೆಗೆ ಹೋದವರು ಅಲ್ಲಿಂದಲೇ ಕೂಗಿ, "ಇವತ್ತು ಹೇಳ್ತೇನೆ!" ಎಂದರು. ಜಗಲಿಯ ಮಕ್ಕಳೆಲ್ಲ ಏನು ಹೇಳುತ್ತಾರೋ ಎಂದು ಕಿವಿ ನಿಮಿರಿಸಿದರು.

ಹೇಳಿದರಂತೆ. ಐಸಮ್ಮ ಪತ್ತಿರಿ ರೊಟ್ಟಿಯ ಹಿಟ್ಟು ನಾದುತ್ತಾ ಪೂರ್ತಿ ಕೇಳಿದರಂತೆ. ಕೇಳಿ ಮುಗಿದ ಮೇಲೆ ಕಣ್ಣು ಒರೆಸಿಕೊಂಡದ್ದು ಅಳು ಬಂದೋ, ಹಿಟ್ಟು ಹಾರಿಯೋ, ಗೊತ್ತಿಲ್ಲ ಎಂದು ಮೋನುಚ್ಚ ನನಗೆ ವರದಿ ಮಾಡಿದರು. ಐಸಮ್ಮ ಹೇಳಿದ್ದು ಇಷ್ಟು: "ಆಗ ಒಬ್ಬಳೇ ಹೋದದ್ದು ಬೇರೆ ಗತಿ ಇಲ್ಲದೆ. ಈಗ ಹೋಗುದು ನನ್ನ ಕುಶಿಗೆ. ಎರಡೂ ಒಂದೇ ಅಂತ ನಿಮಗೆ ಯಾರು ಹೇಳಿದ್ದು?"

ಈ ಮಾತಿಗೆ ಉತ್ತರ ಕಾರಿನಲ್ಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ ಎಂದು ಮೋನುಚ್ಚ ಒಪ್ಪಿಕೊಂಡರು.

ಟೆಸ್ಟಿನ ದಿನ ಐಸಮ್ಮ ಗಂಡನಿಗೆ ಬರಬೇಡಿ ಎಂದಿದ್ದರು. ನನ್ನನ್ನು ಜೊತೆಗೆ ಕರೆದಿದ್ದರು. ನಾವು ಮೈದಾನ ತಲುಪಿದಾಗ ಎದುರಿನ ಚಾದ ಅಂಗಡಿಯಲ್ಲಿ ಒಂದು ಪೇಪರ್ ನೆಟ್ಟಗೆ ನಿಂತಿತ್ತು, ಅದರ ಮೇಲೆ ಬಿಳಿ ಟೊಪ್ಪಿ, ಕೆಳಗೆ ಉದ್ದನೆಯ ಎರಡು ಕಾಲು. ಐಸಮ್ಮ ನೋಡಿಯೂ ನೋಡದವರಂತೆ ಕಾರು ಹತ್ತಿದರು. ಏರಿನಲ್ಲಿ ನಿಲ್ಲಿಸಿ ಹೊರಡಿಸುವಾಗ ಕಾರು ಆಫ್ ಆಯಿತು. ಮತ್ತೊಮ್ಮೆ ಆಫ್ ಆಯಿತು. ಆ ದಿನ ಅವರು ಪಾಸಾಗಲಿಲ್ಲ.

ಇಳಿದು ಬಂದ ಐಸಮ್ಮ ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತರು. ಪೇಪರ್ ಮಡಚಿ ಮೋನುಚ್ಚ ರಸ್ತೆ ದಾಟಿ ಬಂದರು. ಈಗ ಏನಾದರೂ ಒಂದು ತತ್ವ ಬರುತ್ತದೆ ಎಂದು ನಾನು ಕಾದೆ. ಅವರು ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡು, "ಬಾ, ಚಾ ಕುಡಿಯುವ," ಎಂದರು. ಅಷ್ಟೇ. ಮೂವರೂ ಚಾ ಕುಡಿದೆವು. ಎರಡನೆಯ ಗುಟುಕಿಗೆ ಐಸಮ್ಮ, "ಪೇಪರ್ ತಲೆಕೆಳಗೆ ಹಿಡಿದಿದ್ರಿ," ಎಂದರು.

ಮುಂದಿನ ತಿಂಗಳು ಅವರು ಪಾಸಾದರು. ಅದೇ ವರ್ಷ ಮೋನುಚ್ಚ, ಮಂಡಿ ನೋವು ನಿಜವಾಗಿಯೇ ಹೆಚ್ಚಿದ್ದರಿಂದ, ಸ್ಕೂಲನ್ನು ಗಂಗಾಧರನಿಗೆ ಬಿಟ್ಟುಕೊಟ್ಟು ಕಾರನ್ನು ಮನೆಗೆ ತಂದರು. ತಮ್ಮ ಕಾಲಿನಡಿಯ ಬ್ರೇಕನ್ನು ಗ್ಯಾರೇಜಿನಲ್ಲಿ ಬಿಚ್ಚಿಸಿದರು. ಐಸಮ್ಮ ಓಡಿಸುವಾಗ ಮೊದಲ ಕೆಲವು ದಿನ ಖಾಲಿ ಜಾಗವನ್ನೇ ತುಳಿಯುತ್ತಿದ್ದರಂತೆ. ಕಾಲಿನಡಿಯ ರಬ್ಬರ್ ಮ್ಯಾಟ್ ತೂತಾಗಿದೆ ಎಂದು ಐಸಮ್ಮ ನನಗೆ ಬೆರಳು ಹಾಕಿ ತೋರಿಸಿದ್ದರು.

ನಾನು ಮೋನುಚ್ಚನನ್ನು ಕೊನೆಯ ಸಲ ಕಂಡದ್ದು ಬೆಳ್ಳಾರೆಯ ಬಸ್ ಸ್ಟ್ಯಾಂಡಿನಲ್ಲಿ. ಒಂದು ಮದುವೆ ಮುಗಿಸಿ ಬರುತ್ತಿದ್ದೆ. ಸಂಜೆ ನಾಲ್ಕೂವರೆಯ ಬಿಸಿಲು. ಅವರು ಕಾಟುಮಾವಿನ ಹಣ್ಣು ತುಂಬಿದ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು.

"ಎಂತ ಮೋನುಚ್ಚ, ಕಾರು ಎಲ್ಲಿ?"

"ಐಸನ ಅಕ್ಕನ ಮನೆಯ ಅಂಗಳದಲ್ಲಿ ಉಂಟು. ಕಾರೂ ಉಂಟು, ಡ್ರೈವರೂ ಉಂಟು."

"ಮತ್ತೆ ನೀವು?"

"ಹತ್ತು ಗಂಟೆಗೆ ಬಂದದ್ದು ಟೀಚರ್ರೆ. ಮಾತು ಈಗ ಇಬ್ಬರ ಮದುವೆಯ ಕಾಲಕ್ಕೆ ಮುಟ್ಟಿದೆ ಅಷ್ಟೆ. ಮಕ್ಕಳು ಹುಟ್ಲಿಕ್ಕೆ ಉಂಟು, ಅವರ ಮದುವೆ ಆಗ್ಲಿಕ್ಕೆ ಉಂಟು. ಹೊರಡುವನಾ ಅಂತ ಕೇಳಿದೆ. ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದ್ರು. ನಾನು ಬಸ್ಸಿಗೆ ಬಂದೆ."

ನಾನು ನಕ್ಕೆ. ಅವರೂ ನಕ್ಕರು. ನನ್ನ ಕಾರಿನಲ್ಲಿ ಬನ್ನಿ ಎಂದು ಕರೆದೆ. "ಬೇಡ ಟೀಚರ್ರೆ. ಎಷ್ಟೋ ವರ್ಷ ಆಯ್ತು, ಬಸ್ಸಿನಲ್ಲಿ ಕಿಟಕಿ ಹತ್ರ ಕೂತು. ಯಾರೋ ಓಡಿಸ್ತಾರೆ, ನನಗೆ ಕೆಲಸ ಇಲ್ಲ. ಇಷ್ಟು ಆರಾಮ ಉಂಟು ಅಂತ ನನಗೆ ಮೊದಲು ಯಾರೂ ಹೇಳ್ಲಿಲ್ಲ ನೋಡಿ," ಎಂದರು. ಚೀಲದಿಂದ ಏಳೆಂಟು ಮಾವಿನ ಹಣ್ಣು ತೆಗೆದು ನನ್ನ ಸೀರೆಯ ಸೆರಗಿಗೆ ಹಾಕಿದರು. ಪುತ್ತೂರಿನ ಬಸ್ಸು ಬಂತು. ಮಂಡಿ ಹಿಡಿದುಕೊಂಡು ಹತ್ತಿ, ಕಿಟಕಿಯಿಂದ ಕೈ ಬೀಸಿದರು.

ಮುಂದಿನ ರಂಜಾನಿನ ಮೊದಲ ವಾರ, ಬೆಳಗ್ಗಿನ ನಮಾಜು ಮುಗಿಸಿ ಮಲಗಿದ ಮೋನುಚ್ಚ ಏಳಲಿಲ್ಲ. ಅಂದು ಆರೂಕಾಲಿಗೆ ಗುಂಪಿನಲ್ಲಿ ದನಿ ಬರಲಿಲ್ಲ. ಏಳು ಗಂಟೆಗೆ ಪ್ರಶಾಂತ "ಇಚ್ಚಾ?" ಎಂದು ಹಾಕಿದ. ಆಮೇಲೆ ಸುದ್ದಿ ಬಂತು.

ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆಯಿಂದ ಹೊರಗೆ ಹೋಗದೆ ಇರುವುದು ಅವರಲ್ಲಿ ಕ್ರಮ. ಐಸಮ್ಮ ಹಾಗೆಯೇ ಇದ್ದರು. ಮಕ್ಕಳೆಲ್ಲ ಬಂದು ಹೋದರು, ಕಿರಿಯ ಮಗಳು ತಾಯಿಯ ಜೊತೆಗೆ ನಿಂತಳು. ಮೂರನೆಯ ವಾರ ಐಸಮ್ಮ ನನಗೆ ಫೋನ್ ಮಾಡಿದರು. "ಟೀಚರ್ರೆ, ಕಾರು ನಿಂತಲ್ಲೇ ಉಂಟು. ಬ್ಯಾಟರಿ ಸಾಯ್ತದೆ. ಮಗಳಿಗೆ ಬರುದಿಲ್ಲ. ಆದಿತ್ಯವಾರ ಬಂದು ಒಮ್ಮೆ ಸ್ಟಾರ್ಟ್ ಮಾಡಿ ಹೋಗ್ತೀರಾ?"

ಒಂದು ಆದಿತ್ಯವಾರ ನಾನು, ಮುಂದಿನ ಆದಿತ್ಯವಾರ ಹರಿಣಾಕ್ಷಿ, ಹೀಗೆ ಸರದಿಯಲ್ಲಿ ಹೋದೆವು. ಎಂಜಿನ್ ಓಡಿಸಿ, ಅಂಗಳದಲ್ಲೇ ನಾಲ್ಕು ಮಾರು ಹಿಂದೆ ಮುಂದೆ ಮಾಡಿ ನಿಲ್ಲಿಸುತ್ತಿದ್ದೆವು. ಐಸಮ್ಮ ಒಳಗಿನ ಕಿಟಕಿಯ ಬಳಿ ನಿಂತು, "ಇನ್ನು ಚೂರು ಓಡ್ಲಿ," ಎನ್ನುತ್ತಿದ್ದರು. ಆಮೇಲೆ ಚಾ, ಮಾತು. ಮೋನುಚ್ಚನ ಬಗ್ಗೆ ಮಾತಾಡಿ ನಾವು ಅತ್ತದ್ದಕ್ಕಿಂತ ನಕ್ಕದ್ದೇ ಹೆಚ್ಚು.

ಆ ನಾಲ್ಕು ತಿಂಗಳು ಹತ್ತು ದಿನ ತುಂಬಿದ ವಾರ ನನ್ನ ಸರದಿ. ಹೋಗಿ ನೋಡಿದರೆ ಅಂಗಳದಲ್ಲಿ ಕಾರು ಇರಲಿಲ್ಲ. ಕಿರಿಮಗಳು ಬಾಗಿಲಿಗೆ ಬಂದಳು.

"ಉಮ್ಮ ಬೆಳಿಗ್ಗೆಯೇ ಬೆಳ್ಳಾರೆಗೆ ಹೋದ್ರು ಟೀಚರ್. ಒಬ್ಬರೇ."

ಸಂಜೆ ಫೋನ್ ಮಾಡಿದೆ. ಇನ್ನೂ ಬಂದಿಲ್ಲ ಎಂದಳು. ಮಾತು ಮುಗಿಸಿ ಐಸಮ್ಮ ಬಂದದ್ದು ಮರುದಿನ ಮಧ್ಯಾಹ್ನ.